ಬೆಳಕಿನ ದ್ವೀಪಗಳು, ತಂತಿಯ ಸೇತುವೆಗಳು

ಸರ್ಜಾಪುರದಲ್ಲಿ ಸಂಜೆ ಹೊತ್ತು ಕರೆಂಟು ಹೋದರೆ ಕತ್ತಲೆಗಿಂತ ಮೊದಲು ಸದ್ದು ಬರುತ್ತದೆ. ದೊಡ್ಡ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಡೀಸೆಲ್ ಜನರೇಟರುಗಳು ಒಂದರ ಹಿಂದೆ ಒಂದು ಗುಡುಗತೊಡಗುತ್ತವೆ. ಲಿಫ್ಟು ಮತ್ತೆ ಚಲಿಸುತ್ತದೆ, ಕಚೇರಿಯ ಕಂಪ್ಯೂಟರುಗಳು ಅಲುಗದೆ ಉರಿಯುತ್ತಿರುತ್ತವೆ. ಹಳೆಯ ಪೇಟೆ ಬೀದಿಯ ದಿನಸಿ ಅಂಗಡಿಯವರು ಮಾತ್ರ ಎಮರ್ಜೆನ್ಸಿ ದೀಪ ಹಚ್ಚಿಟ್ಟು ಕಾಯುತ್ತಾರೆ. ಒಂದು ಕಾಲಕ್ಕೆ ಕೈಮಗ್ಗದ ಬಟ್ಟೆಗೆ ಹೆಸರಾಗಿದ್ದ ಆನೇಕಲ್ ತಾಲ್ಲೂಕಿನ ಈ ಹೋಬಳಿ ಊರು ಇಂದು ಐಟಿ ಕಂಪೆನಿಗಳ ನೆರೆಯೂರು. ಹಾಗಾಗಿ ಕರೆಂಟು ಹೋದ ಆ ಹತ್ತು ನಿಮಿಷದಲ್ಲಿ ಇಲ್ಲಿನ ಪ್ರತಿ ದೊಡ್ಡ ಕಟ್ಟಡವೂ ತನ್ನ ಪಾಡಿಗೆ ತಾನು ಬೆಳಗುವ ಒಂದೊಂದು ದ್ವೀಪವಾಗುತ್ತದೆ.

ಇಲ್ಲಿ ದ್ವೀಪ ಎಂಬುದು ಬರಿಯ ಹೋಲಿಕೆಯಲ್ಲ. ವಿದ್ಯುತ್ ಇಲಾಖೆಯ ಎಂಜಿನಿಯರುಗಳೂ ಇದೇ ಮಾತನ್ನು ಬಳಸುತ್ತಾರೆ. ಸುತ್ತಲಿನ ದೊಡ್ಡ ಜಾಲದ ಸಂಪರ್ಕ ಕಡಿದು, ತನಗೆ ಬೇಕಾದ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಂಡು ಬಳಸುವ ಪ್ರದೇಶವೇ ಅವರ ಪಾಲಿಗೆ ದ್ವೀಪ. ಅದರ ಸುತ್ತ ನೀರಿರಬೇಕೆಂದಿಲ್ಲ, ತಂತಿ ಇಲ್ಲದಿದ್ದರೆ ಸಾಕು.

ಈ ಅರ್ಥದಲ್ಲಿ ನೋಡಿದರೆ ಕರ್ನಾಟಕದ ವಿದ್ಯುತ್ತಿನ ಚರಿತ್ರೆಯೆಂದರೆ ದ್ವೀಪಗಳಿಗೆ ಸೇತುವೆ ಕಟ್ಟಿದ ಚರಿತ್ರೆ. ಗಾಳಿ, ಬಿಸಿಲುಗಳಿಂದ ವಿದ್ಯುತ್ ಪಡೆಯುವ ಮಾತು ಇಂದು ಎಲ್ಲೆಡೆ ಕೇಳುತ್ತಿದೆ. ಅವನ್ನು ಜಾಲಕ್ಕೆ ಸೇರಿಸುವ ಕಷ್ಟ ಹೊಸದೆಂದು ತೋರುವುದೂ ಸಹಜ. ಆದರೆ ಮೈಸೂರು ಸೀಮೆ ಆ ಕಷ್ಟವನ್ನು ನೂರು ವರ್ಷಗಳ ಹಿಂದೆಯೇ ಎದುರಿಸಿತ್ತು. ಆಗಿನ ಪ್ರಶ್ನೆಗಳು ಇಂದಿಗೂ ಹಾಗೇ ಉಳಿದಿವೆ: ವಿದ್ಯುತ್ ಹುಟ್ಟುವುದು ಒಂದು ಕಡೆ, ಬೇಕಾಗಿರುವುದು ಇನ್ನೊಂದು ಕಡೆ, ಹುಟ್ಟುವ ಹೊತ್ತು ಒಂದು, ಬೇಕಾದ ಹೊತ್ತು ಇನ್ನೊಂದು. ಈ ಎರಡು ಅಂತರಗಳನ್ನು ತುಂಬುವುದಕ್ಕೆ ಬೆಲೆ ತೆರುವವರು ಯಾರು?

ನದಿಯ ದ್ವೀಪದಿಂದ ಚಿನ್ನದ ಗಣಿಗೆ

ಕಾವೇರಿ ಎರಡು ಕವಲಾಗಿ ಒಡೆದು, ನಡುವೆ ಒಂದು ದ್ವೀಪವನ್ನು ಬಿಟ್ಟು, ಗಗನಚುಕ್ಕಿ ಮತ್ತು ಭರಚುಕ್ಕಿ ಎಂಬ ಎರಡು ಜಲಪಾತಗಳಾಗಿ ಧುಮುಕುವ ಜಾಗವೇ ಶಿವನಸಮುದ್ರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿ ನೀರಿನ ರಭಸವಿತ್ತು, ಆದರೆ ಅದನ್ನು ಬಳಸುವ ಕಾರ್ಖಾನೆಯಾಗಲಿ ಪಟ್ಟಣವಾಗಲಿ ಹತ್ತಿರದಲ್ಲಿ ಇರಲಿಲ್ಲ. ಶಕ್ತಿಗಾಗಿ ಹಾತೊರೆಯುತ್ತಿದ್ದುದು ದೂರದ ಕೋಲಾರದ ಚಿನ್ನದ ಗಣಿ. ಅಲ್ಲಿ ಆಳದಿಂದ ಅದಿರನ್ನು ಮೇಲೆತ್ತಲು, ನೀರು ತೋಡಲು, ಕಲ್ಲು ಕುಟ್ಟಲು ಉಗಿಯಂತ್ರಗಳಿದ್ದವು. ಅವಕ್ಕೆ ಬೇಕಾದ ಇಂಧನ ದುಬಾರಿಯಾಗಿತ್ತು.

ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಸಂಸ್ಥಾನದ ಸೇವೆಯಲ್ಲಿದ್ದ ಎಂಜಿನಿಯರ್ ಎ. ಜಾಲಿ ದ ಲಾಟ್‌ಬಿನಿಯೇರ್ ಈ ಎರಡನ್ನೂ ಜೋಡಿಸುವ ಸಾಹಸಕ್ಕೆ ಕೈಹಾಕಿದರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದಲೂ ನೀರಿನ ಚಕ್ರಗಳು ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪೆನಿಯಿಂದಲೂ ಬಂದವು. ತಲಾ 720 ಕಿಲೋವಾಟಿನ ಆರು ಘಟಕಗಳು, ಒಟ್ಟು 4,320 ಕಿಲೋವಾಟ್. ಇಂದಿನ ಲೆಕ್ಕದಲ್ಲಿ ಅದು ನಾಲ್ಕೂಕಾಲು ಮೆಗಾವಾಟಿಗೆ ತುಸು ಹೆಚ್ಚು, ಅಷ್ಟೆ. 1902ರ ಜೂನ್ 30ರಂದು ಅಲ್ಲಿಂದ ಹೊರಟ ವಿದ್ಯುತ್ 92 ಮೈಲಿ, ಅಂದರೆ ಸುಮಾರು 147 ಕಿಲೋಮೀಟರ್ ದೂರದ ಗಣಿಯನ್ನು ಮುಟ್ಟಿತು. ಆ ಕಾಲಕ್ಕೆ ಅದು ಜಗತ್ತಿನ ಅತ್ಯಂತ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಯೋಜನೆಗೆ ಬೆನ್ನೆಲುಬಾಗಿದ್ದ ಶೇಷಾದ್ರಿ ಅಯ್ಯರ್ ಆ ದಿನವನ್ನು ನೋಡಲಿಲ್ಲ. ಅವರು 1901ರಲ್ಲೇ ತೀರಿಕೊಂಡಿದ್ದರು.

ಅಷ್ಟು ದೂರ ವಿದ್ಯುತ್ ಸಾಗಿಸುವುದರ ಗುಟ್ಟು ಇರುವುದು ವೋಲ್ಟೇಜಿನಲ್ಲಿ. ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಒಂದು ಪಾಲು ದಾರಿಯಲ್ಲೇ ಶಾಖವಾಗಿ ಸೋರಿಹೋಗುತ್ತದೆ. ಅದೇ ತಂತಿಯಲ್ಲಿ ಅಷ್ಟೇ ವಿದ್ಯುತ್ತನ್ನು ಎರಡು ಪಟ್ಟು ವೋಲ್ಟೇಜಿನಲ್ಲಿ ಕಳುಹಿಸಿದರೆ ಈ ಸೋರಿಕೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಶಿವನಸಮುದ್ರದ ಮಾರ್ಗವನ್ನು ಸುಮಾರು 35 ಸಾವಿರ ವೋಲ್ಟಿನಲ್ಲಿ ನಡೆಸಿದ್ದು ಇದೇ ಕಾರಣಕ್ಕೆ. ಇಂದು ದೇಶದ ದೊಡ್ಡ ಮಾರ್ಗಗಳು 4 ಲಕ್ಷ, 7 ಲಕ್ಷ 65 ಸಾವಿರ ವೋಲ್ಟಿನಲ್ಲಿ ನಡೆಯುವುದೂ ಇದೇ ಲೆಕ್ಕಾಚಾರದ ಮೇಲೆ.

ಗಣಿಗೆ ವಿದ್ಯುತ್ ಹೋದ ಮೂರು ವರ್ಷಕ್ಕೆ, 1905ರ ಆಗಸ್ಟ್ 5ರಂದು, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹೊತ್ತಿತು. 1908ರಲ್ಲಿ ಮೈಸೂರಿನ ಸರದಿ. ಮೊದಲು ಚಿನ್ನ, ಆಮೇಲೆ ರಾಜಧಾನಿಗಳು; ಹಳ್ಳಿಗಳ ಸರದಿ ಬರಲು ಬಹಳ ಕಾಲ ಬೇಕಾಯಿತು. ತಂತಿ ಹಾದುಹೋದ ದಾರಿಯ ಊರುಗಳಿಗೆ ಕಂಬ ಕಾಣುತ್ತಿತ್ತು, ಬೆಳಕು ಕಾಣುತ್ತಿರಲಿಲ್ಲ.

ಬೇಸಗೆಯ ನದಿ ಮತ್ತು ಕಣ್ಣಂಬಾಡಿ

ಶಿವನಸಮುದ್ರದ ಸಂಭ್ರಮ ಒಂದು ಕೊರತೆಯನ್ನು ಬೇಗನೆ ಬಯಲಿಗೆ ತಂದಿತು. ಮಳೆಗಾಲದಲ್ಲಿ ಕಾವೇರಿ ಉಕ್ಕಿ ಹರಿಯುತ್ತಾಳೆ, ಬೇಸಗೆಯಲ್ಲಿ ಬಂಡೆಗಳ ನಡುವೆ ಸಣ್ಣ ಝರಿಯಾಗುತ್ತಾಳೆ. ಗಣಿಯ ಯಂತ್ರಗಳಿಗೆ ಋತುಮಾನದ ಗೊಡವೆಯಿಲ್ಲ. ಅವಕ್ಕೆ ಚೈತ್ರದಲ್ಲೂ ಆಷಾಢದಲ್ಲೂ ಒಂದೇ ಸಮನೆ ವಿದ್ಯುತ್ ಬೇಕು.

ಇಂದು ಸೌರವಿದ್ಯುತ್ತಿನ ಬಗ್ಗೆ ಕೇಳಿಬರುವ ಆಕ್ಷೇಪ ಇದೇ ಅಲ್ಲವೇ? ಸೂರ್ಯ ಮುಳುಗಿದ ಮೇಲೆ ಏನು ಗತಿ, ಮೋಡ ಕವಿದರೆ ಏನು ಗತಿ ಎಂದು ಜನ ಕೇಳುತ್ತಾರೆ. ನೂರು ವರ್ಷದ ಹಿಂದೆ ಮೈಸೂರಿನಲ್ಲಿ ಕೇಳಿದ್ದು ನದಿ ಬತ್ತಿದರೆ ಏನು ಗತಿ ಎಂಬ ಪ್ರಶ್ನೆ. ಅದಕ್ಕೆ ಸಿಕ್ಕ ಉತ್ತರ ಕಣ್ಣಂಬಾಡಿ ಕಟ್ಟೆ. 1911ರಲ್ಲಿ ಆರಂಭವಾಗಿ ಎರಡು ದಶಕ ನಡೆದ ಆ ಕಾಮಗಾರಿ ಮಂಡ್ಯದ ಬಯಲಿಗೆ ನೀರುಣಿಸಿದ್ದು ಎಲ್ಲರಿಗೂ ಗೊತ್ತು. ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸಿ, ಗಣಿಗೆ ಕೊಟ್ಟ ವಿದ್ಯುತ್ತಿನ ಮಾತು ಉಳಿಸಿಕೊಳ್ಳುವುದೂ ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು ಎಂಬುದು ಅಷ್ಟಾಗಿ ಜನರ ನೆನಪಿನಲ್ಲಿಲ್ಲ. ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರು ಯೋಜನೆಯ ಪರವಾಗಿ ವಾದಿಸುವಾಗ ವಿದ್ಯುತ್ತಿನಿಂದ ಬರುವ ಆದಾಯವೂ ಅವರ ಲೆಕ್ಕದಲ್ಲಿತ್ತು.

ಹಾಗೆ ನೋಡಿದರೆ ಜಲಾಶಯವೂ ಒಂದು ಬ್ಯಾಟರಿಯೇ. ಹೆಚ್ಚಿದ್ದಾಗ ತುಂಬಿಟ್ಟು, ಇಲ್ಲದಾಗ ತೆಗೆದು ಬಳಸುವ ಪಾತ್ರೆ. ಆದರೆ ಈ ಪಾತ್ರೆಗೆ ಜಾಗ ಬೇಕು. ಹಳೆಯ ಕಣ್ಣಂಬಾಡಿ ಊರು, ಅದರ ವೇಣುಗೋಪಾಲಸ್ವಾಮಿ ದೇಗುಲ ನೀರಿನ ಪಾಲಾದವು. ವಿದ್ಯುತ್ತನ್ನು ಕೂಡಿಡುವುದಕ್ಕೆ ನೆಲ ತೆರಬೇಕೆಂಬ ಪಾಠ ಮೈಸೂರಿಗೆ ಅಲ್ಲಿಂದಲೇ ಆರಂಭವಾಯಿತು.

ತಾಳ ತಪ್ಪಿದರೆ ಜಾಲವಿಲ್ಲ

ಎರಡು ವಿದ್ಯುತ್ ಕೇಂದ್ರಗಳ ನಡುವೆ ತಂತಿ ಎಳೆದ ಮಾತ್ರಕ್ಕೆ ಅವು ಒಂದಾಗುವುದಿಲ್ಲ. ನಮ್ಮ ಮನೆಗೆ ಬರುವ ವಿದ್ಯುತ್ ಒಂದೇ ದಿಕ್ಕಿಗೆ ಹರಿಯುವಂಥದ್ದಲ್ಲ. ಅದು ಸೆಕೆಂಡಿಗೆ 50 ಆವರ್ತದಂತೆ ಹಿಂದುಮುಂದಾಗಿ ತುಯ್ಯುತ್ತಿರುತ್ತದೆ. ಇದೇ ಅದರ ತಾಳ, ಅಥವಾ ಫ್ರೀಕ್ವೆನ್ಸಿ. ಒಂದು ಜಾಲದಲ್ಲಿರುವ ಯಂತ್ರಗಳೆಲ್ಲ, ಅವು ಎಷ್ಟೇ ದೂರವಿರಲಿ, ಒಂದೇ ತಾಳಕ್ಕೆ ತಿರುಗಬೇಕು. ಭಜನೆಯಲ್ಲಿ ಒಬ್ಬ ತಾಳ ತಪ್ಪಿದರೆ ಉಳಿದವರು ಸಹಿಸಿಕೊಂಡಾರು. ವಿದ್ಯುತ್ ಜಾಲದಲ್ಲಿ ತಾಳ ತಪ್ಪಿದ ಯಂತ್ರವನ್ನು ಕೂಡಲೇ ಹೊರಗೆ ಹಾಕದಿದ್ದರೆ ಯಂತ್ರವೂ ಕೆಡುತ್ತದೆ, ಜಾಲವೂ ಕುಸಿಯುತ್ತದೆ.

ಶಿವನಸಮುದ್ರದ ಮೊದಲ ಯಂತ್ರಗಳ ತಾಳ 25. ಮುಂದೆ ದೇಶವೆಲ್ಲ ಒಪ್ಪಿಕೊಂಡದ್ದು 50ರ ತಾಳ. ಹೀಗೆ ಮೊದಲು ಹುಟ್ಟಿದವರು ಹಿಂದುಳಿಯುವ ವಿಚಿತ್ರ ಮೈಸೂರಿಗೂ ಒದಗಿತು. 1940ರಲ್ಲಿ ಶಿಂಷಾ, 1948ರಲ್ಲಿ ಜೋಗದ ಕೇಂದ್ರ ಬಂದವು. ಮಹಾತ್ಮ ಗಾಂಧಿಯವರ ಹೆಸರು ಪಡೆದದ್ದು ಈ ಜೋಗದ ಕೇಂದ್ರವೇ. ಒಂದೊಂದು ನದಿಯ ಬಳಿ ಒಂದೊಂದು ಕೇಂದ್ರ, ಅವುಗಳ ನಡುವೆ ನಿಧಾನವಾಗಿ ಹೆಣೆದುಕೊಂಡ ತಂತಿ. ರಾಜ್ಯದ ಜಾಲ ಬೆಳೆದದ್ದು ಹೀಗೆ. 1957ರಲ್ಲಿ ರಚನೆಯಾದ ವಿದ್ಯುಚ್ಛಕ್ತಿ ಮಂಡಳಿಯನ್ನು ಜನ ಇಂದಿಗೂ ಬಾಯಿಮಾತಿಗೆ ಕೆಇಬಿ ಎನ್ನುತ್ತಾರೆ. 1999ರಲ್ಲಿ ಅದು ಕೆಪಿಟಿಸಿಎಲ್ ಆಗಿ, 2002ರಲ್ಲಿ ವಿತರಣೆಯ ಕೆಲಸ ಬೆಸ್ಕಾಂ ಮೊದಲಾದ ಕಂಪೆನಿಗಳಿಗೆ ಹಂಚಿಹೋದರೂ ಬಿಲ್ಲು ಕೊಡಲು ಬರುವವರು ಹಳ್ಳಿಯ ಪಾಲಿಗೆ ಈಗಲೂ ಕೆಇಬಿಯವರೇ.

1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲಿನ ಕೇಂದ್ರ ಆರಂಭವಾಗುವವರೆಗೆ ಕರ್ನಾಟಕ ಬಹುಮಟ್ಟಿಗೆ ನೀರನ್ನೇ ನಂಬಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ, ನವೀಕರಿಸಬಹುದಾದ ಇಂಧನವನ್ನೇ ನಂಬಿದ ರಾಜ್ಯ. ಮಳೆ ಕೈಕೊಟ್ಟ ವರ್ಷ ಕಾರ್ಖಾನೆಗಳಿಗೆ ವಿದ್ಯುತ್ ಕಡಿತ, ಊರುಗಳಿಗೆ ಕತ್ತಲೆ. ಪೀಣ್ಯದ ಸಣ್ಣ ಕೈಗಾರಿಕೆಯವರು ಶರಾವತಿಯ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ಹುಡುಕಿ ಓದುತ್ತಿದ್ದ ಕಾಲ ಅದು.

ವಿದ್ಯುತ್ತೇ ಸೃಷ್ಟಿಸಿದ ದ್ವೀಪ

ಆ ಶರಾವತಿಯ ಕಥೆ ಇನ್ನೂ ಕಟುವಾದದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಿತು. ಅದರ ನೀರಿನಿಂದ ನಡೆಯುವ ಶರಾವತಿ ಕೇಂದ್ರದ ಸಾಮರ್ಥ್ಯ ಇಂದು 1,035 ಮೆಗಾವಾಟ್. ಶಿವನಸಮುದ್ರದ ಮೊದಲ ಕೇಂದ್ರದಂಥವು ಇನ್ನೂರಮೂವತ್ತಕ್ಕೂ ಹೆಚ್ಚು ಅದರೊಳಗೆ ಅಡಗಿಯಾವು. ಬೆಂಗಳೂರಿನ ಸುತ್ತ ಕಾರ್ಖಾನೆಗಳು ಬೆಳೆದದ್ದರ ಹಿಂದೆ ಈ ನದಿಯ ಪಾಲು ದೊಡ್ಡದು.

ಅದೇ ನೀರು ಸಾಗರ ಮತ್ತು ಹೊಸನಗರ ಸೀಮೆಯ ಗದ್ದೆ, ಅಡಿಕೆ ತೋಟ, ಮನೆ, ದೇವಸ್ಥಾನಗಳನ್ನು ಮುಳುಗಿಸಿತು. ಹಿನ್ನೀರಿನಾಚೆ ಉಳಿದ ಕರೂರು, ಬಾರಂಗಿ ಹೋಬಳಿಗಳ ಊರುಗಳಿಗೆ ಸಾಗರ ಪೇಟೆಯ ಹಳೆಯ ದಾರಿಯೇ ಇಲ್ಲದಾಯಿತು. ಭೂಗೋಳದ ಲೆಕ್ಕದಲ್ಲಿ ಅದು ಪೂರ್ತಿ ದ್ವೀಪವಲ್ಲ, ಬೆನ್ನಿಗೆ ಘಟ್ಟದ ಕಾಡಿದೆ. ಆದರೂ ತುಮರಿ, ಸಿಗಂದೂರು ಕಡೆಯವರು ತಮ್ಮ ನೆಲವನ್ನು ದ್ವೀಪ ಎಂದೇ ಕರೆದುಕೊಂಡರು. ಹೊಳೆಬಾಗಿಲಿನ ಲಾಂಚ್ ಅವರ ಬದುಕಿನ ಗಡಿಯಾರವಾಯಿತು. ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೂ ಹಾವು ಕಚ್ಚಿದರೂ ಬೆಳಗಾಗುವುದನ್ನು ಕಾಯಬೇಕು, ಇಲ್ಲವೇ ಕಾಡು ಸುತ್ತಬೇಕು.

ನಾಡಿಗೆಲ್ಲ ವಿದ್ಯುತ್ ಕೊಡಲು ನೆಲ ಬಿಟ್ಟವರಲ್ಲಿ ಅನೇಕರು ಅನಂತರವೂ ವರ್ಷಾನುಗಟ್ಟಲೆ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲೇ ಇದ್ದರು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ಸಿಗಲಾರದು. ಬೇರೆಡೆಗೆ ಹೋಗಿ ನೆಲೆಸಿದವರ ಜಮೀನಿನ ಹಕ್ಕುಪತ್ರದ ಪ್ರಶ್ನೆ ಆರು ದಶಕ ಕಳೆದರೂ ಪೂರ್ತಿಯಾಗಿ ಬಗೆಹರಿದಿಲ್ಲ. ಮುಳುಗಡೆಯ ಈ ಸಂಕಟವನ್ನು ಕನ್ನಡದ ಓದುಗರ ಮುಂದೆ ಇಟ್ಟವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಸೀಮೆಯನ್ನು ಹತ್ತಿರದಿಂದ ಕಂಡಿದ್ದ ಅವರ ಕಾದಂಬರಿಯೊಂದರ ಹೆಸರೇ ‘ದ್ವೀಪ’. ಗಿರೀಶ ಕಾಸರವಳ್ಳಿಯವರು ಅದನ್ನು ಸಿನಿಮಾ ಮಾಡಿ ರಾಷ್ಟ್ರಪ್ರಶಸ್ತಿ ಪಡೆದರು.

ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ವಿದ್ಯುತ್ ಹೊರಟುಹೋಗಲು ತಂತಿಯ ಸೇತುವೆ ಬೇಗನೆ ಸಿದ್ಧವಾಗಿತ್ತು. ಜನ ದಾಟಲು ಸೇತುವೆ ಬರುವುದಕ್ಕೆ ಅರುವತ್ತು ವರ್ಷ ಹಿಡಿಯಿತು.

ದಕ್ಷಿಣವೇ ದ್ವೀಪವಾಗಿದ್ದಾಗ

ಇತ್ತ ದಕ್ಷಿಣ ಭಾರತ ತಾನೇ ಒಂದು ದೊಡ್ಡ ವಿದ್ಯುತ್ ದ್ವೀಪವಾಗಿತ್ತು ಎಂಬ ಸಂಗತಿ ಹಲವರಿಗೆ ತಿಳಿಯದು. ದೇಶದ ವಿದ್ಯುತ್ ಜಾಲವನ್ನು ಐದು ವಲಯಗಳಾಗಿ ಬೆಳೆಸಲಾಗಿತ್ತು. ಪೂರ್ವ ಮತ್ತು ಈಶಾನ್ಯ ವಲಯಗಳು 1991ರಲ್ಲಿ ಒಂದಾದವು. 2003ರಲ್ಲಿ ಪಶ್ಚಿಮ, 2006ರಲ್ಲಿ ಉತ್ತರ ಸೇರಿಕೊಂಡವು. ದಕ್ಷಿಣ ಮಾತ್ರ ಬೇರೆಯೇ ತಾಳದಲ್ಲಿ ತಿರುಗುತ್ತಿತ್ತು.

ತಾಳ ಬೇರೆಯಾಗಿದ್ದರೂ ವಿದ್ಯುತ್ ಪಡೆಯುವ ಒಂದು ಉಪಾಯ ಉಂಟು. ತುಯ್ಯುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ತಾಗಿ ಮಾರ್ಪಡಿಸಿ ಕಳುಹಿಸುವುದು, ತಲುಪಿದ ಕಡೆ ಅಲ್ಲಿನ ತಾಳಕ್ಕೆ ಹೊಂದುವಂತೆ ಮತ್ತೆ ಬದಲಿಸಿಕೊಳ್ಳುವುದು. ಭಾಷೆ ತಿಳಿಯದ ಇಬ್ಬರ ನಡುವೆ ದುಭಾಷಿ ನಿಂತ ಹಾಗೆ. 2003ರಲ್ಲಿ ಒಡಿಶಾದ ತಾಲ್ಚೇರ್‌ನಿಂದ ಸುಮಾರು 1,370 ಕಿಲೋಮೀಟರ್ ಉದ್ದದ ಇಂಥದೊಂದು ಮಾರ್ಗ 2,000 ಮೆಗಾವಾಟ್ ಹೊತ್ತು ದಕ್ಷಿಣಕ್ಕೆ ಬಂದಿತು. ಅದು ಬಂದು ಇಳಿದದ್ದು ಕೋಲಾರದಲ್ಲಿ.

ಇಲ್ಲಿ ಒಂದು ಕ್ಷಣ ನಿಂತು ನೋಡಬೇಕು. 1902ರಲ್ಲಿ ಶಿವನಸಮುದ್ರದ ತಂತಿ ಮುಟ್ಟಿದ್ದು ಕೋಲಾರದ ಚಿನ್ನದ ಗಣಿಯನ್ನು. 2001ರ ಫೆಬ್ರುವರಿಯಲ್ಲಿ ಆ ಗಣಿ ಮುಚ್ಚಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಜಿಲ್ಲೆಗೆ ಇನ್ನೊಂದು ಉದ್ದದ ತಂತಿ ಬಂದಿತು. ಈ ಬಾರಿ ವಿದ್ಯುತ್ ಬೇಕಾಗಿದ್ದುದು ಗಣಿಗಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಸರ್ಜಾಪುರ ರಸ್ತೆಗಳ ಬೆಂಗಳೂರು ಸೇರಿದಂತೆ ದಕ್ಷಿಣದ ನಗರಗಳಿಗೆ.

ದ್ವೀಪವಾಗಿರುವುದರಲ್ಲಿ ಲಾಭವೂ ಇತ್ತು. 2012ರ ಜುಲೈ 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯ ಜಾಲಗಳು ಒಟ್ಟಿಗೆ ಕುಸಿದು 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶ ಕತ್ತಲಾದಾಗ, ದಕ್ಷಿಣದ ಜಾಲ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಆದರೆ ಅದೇ ಕಾಲದಲ್ಲಿ ಬೇರೆಡೆ ವಿದ್ಯುತ್ ಮಿಕ್ಕಿದ್ದರೂ ದಕ್ಷಿಣಕ್ಕೆ ತರಲು ಸಾಕಷ್ಟು ದಾರಿ ಇರಲಿಲ್ಲ. ನೆರೆಮನೆಯ ಬೆಂಕಿ ತಾಗದಂತೆ ಕಟ್ಟಿದ ಗೋಡೆ, ನೆರೆಮನೆಯ ಅಕ್ಕಿ ತರಲೂ ಅಡ್ಡವಾಗುವುದಷ್ಟೆ?

2013ರ ಡಿಸೆಂಬರ್ 31ರಂದು ಆ ಗೋಡೆ ತೆರೆಯಿತು. ರಾಯಚೂರು ಮತ್ತು ಸೋಲಾಪುರದ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡು ಇಡೀ ದೇಶದ ಜಾಲ ಒಂದೇ ತಾಳಕ್ಕೆ ಬಂದಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಜಾಲಕ್ಕೆ ನೇರವಾಗಿ ಸೇರಿದ ಯಂತ್ರಗಳೆಲ್ಲ ಒಂದೇ ತಾಳಕ್ಕೆ ತಿರುಗುತ್ತಿವೆ. ಆ ಬೆಸುಗೆ ಬಿದ್ದದ್ದು ಕರ್ನಾಟಕದ ನೆಲದಲ್ಲಿ.

ಬಿಸಿಲಿಗೆ ಭಾರವಿಲ್ಲ

ಅದಾದ ಕೆಲವೇ ವರ್ಷಗಳಲ್ಲಿ ಜಾಲಕ್ಕೆ ಹೊಸ ಬಗೆಯ ಅತಿಥಿ ಬಂದ. ತುಮಕೂರು ಜಿಲ್ಲೆಯ ಪಾವಗಡ ನಕ್ಷೆಯಲ್ಲಿ ತಾನೇ ಒಂದು ದ್ವೀಪದಂಥ ತಾಲ್ಲೂಕು. ಸುತ್ತ ಬಹುಪಾಲು ಆಂಧ್ರದ ನೆಲ. ಬರಕ್ಕೆ ಹೆಸರಾದ ಆ ಸೀಮೆಯಲ್ಲಿ ರೈತರಿಂದ ಸುಮಾರು 13 ಸಾವಿರ ಎಕರೆ ಗುತ್ತಿಗೆಗೆ ಪಡೆದು 2,050 ಮೆಗಾವಾಟಿನ ಸೌರ ಪಾರ್ಕ್ ಕಟ್ಟಲಾಯಿತು. ಮೊದಲ ಹಂತ 2018ರಲ್ಲಿ, ಪೂರ್ತಿ ಕೆಲಸ 2019ರ ಕೊನೆಯಲ್ಲಿ ಮುಗಿಯಿತು. ಜಮೀನನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಗೊತ್ತುಮಾಡಿದ್ದು ಶರಾವತಿಯ ದಾರಿಗಿಂತ ಭಿನ್ನ. ಜಮೀನಿದ್ದವರಿಗೆ ಅದು ನಿಶ್ಚಿತ ವರಮಾನ. ಅದೇ ಹೊಲಗಳಲ್ಲಿ ಕೂಲಿ ಮಾಡಿ, ಕುರಿ ಮೇಯಿಸಿ ಬದುಕುತ್ತಿದ್ದ ಜಮೀನಿಲ್ಲದವರಿಗೆ ಗುತ್ತಿಗೆ ಹಣವಿಲ್ಲ ಎಂಬುದೂ ಅಷ್ಟೇ ನಿಜ.

ಬಿಸಿಲಿನ ವಿದ್ಯುತ್ತಿಗೆ ಇನ್ನೊಂದು ತೊಡಕಿದೆ. ಬೀಸುವ ಕಲ್ಲನ್ನು ಒಮ್ಮೆ ಜೋರಾಗಿ ತಿರುಗಿಸಿ ಕೈಬಿಟ್ಟರೆ ಅದು ಕೂಡಲೇ ನಿಲ್ಲುವುದಿಲ್ಲ; ತನ್ನ ಭಾರದಿಂದಲೇ ಒಂದೆರಡು ಸುತ್ತು ಹಾಕುತ್ತದೆ. ಜಲವಿದ್ಯುತ್ ಮತ್ತು ಶಾಖೋತ್ಪನ್ನ ಕೇಂದ್ರಗಳ ತಿರುಗುವ ಯಂತ್ರಗಳೂ ಹಾಗೆಯೇ. ಎಲ್ಲೋ ಒಂದು ಕೇಂದ್ರ ಹಠಾತ್ತನೆ ನಿಂತರೆ, ಉಳಿದ ಯಂತ್ರಗಳ ಭಾರವೇ ಕೆಲವು ಕ್ಷಣ ಜಾಲದ ತಾಳವನ್ನು ಹಿಡಿದು ನಿಲ್ಲಿಸುತ್ತದೆ. ಅಷ್ಟರಲ್ಲಿ ಬೇರೆ ವ್ಯವಸ್ಥೆ ಮಾಡಿಕೊಳ್ಳಬಹುದು. ಸೌರ ಫಲಕದಲ್ಲಿ ತಿರುಗುವ ಭಾಗವೇ ಇಲ್ಲ. ಮೋಡ ಬಂದ ಕೂಡಲೇ ಅದರ ವಿದ್ಯುತ್ ಇಳಿಯುತ್ತದೆ, ಮೋಡ ಸರಿದ ಕೂಡಲೇ ಏರುತ್ತದೆ. ಹಗಲು ಉಕ್ಕುವ ಅದು ಸರಿಯಾಗಿ ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಇಲ್ಲವಾಗುತ್ತದೆ.

ಆದ್ದರಿಂದ ಫಲಕ ಹಾಸಿದರೆ ಕೆಲಸ ಮುಗಿಯುವುದಿಲ್ಲ, ಜಾಲವನ್ನೂ ಬದಲಿಸಬೇಕು. ಪಾವಗಡದಂಥ ಕಡೆಗಳಿಂದ ವಿದ್ಯುತ್ ಹೊರತರಲು ಹೊಸ 400 ಕಿಲೋವೋಲ್ಟ್ ಕೇಂದ್ರಗಳು, ಮಾರ್ಗಗಳು ಬೇಕಾದವು. ಹಗಲಿನ ವಿದ್ಯುತ್ತನ್ನು ಹಗಲೇ ಬಳಸಲು ರೈತರ ಪಂಪ್‌ಸೆಟ್ಟುಗಳಿಗೆ ಹಗಲು ಹೊತ್ತು ತ್ರೀಫೇಸ್ ಕೊಡುವ ಪದ್ಧತಿ ಹೆಚ್ಚಿತು. ರಾತ್ರಿ ಬ್ಯಾಟರಿ ಹಿಡಿದು ಹಾವು ಚೇಳುಗಳ ನಡುವೆ ಮೋಟಾರು ಹಾಕಲು ಹೋಗುತ್ತಿದ್ದ ರೈತನಿಗೆ ಇದು ಬಿಸಿಲಿನಿಂದ ಸಿಕ್ಕ ನೇರ ಉಪಕಾರ. ದೇಶದ ಜಾಲದ ಸಂಪರ್ಕವೂ ನೆರವಿಗೆ ಬಂದಿತು. ಇಲ್ಲಿ ಮೋಡ ಕವಿದಾಗ ಬೇರೆಲ್ಲೋ ಗಾಳಿ ಬೀಸುತ್ತಿರುತ್ತದೆ.

ಸಮುದ್ರದ ನಡುವಿನ ಪರೀಕ್ಷೆ

ಬೇರೆಲ್ಲಿಂದಲೂ ತರಿಸಿಕೊಳ್ಳಲಾಗದವರ ಪಾಡೇನು? ಅದನ್ನು ತಿಳಿಯಲು ಮಂಗಳೂರಿನ ಹಳೇ ಬಂದರಿನಿಂದ ಪಶ್ಚಿಮಕ್ಕೆ ನೋಡಬೇಕು. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕರಾವಳಿಗೂ ಆ ದ್ವೀಪಗಳಿಗೂ ಹಳೆಯ ನಂಟು. ಇಂದಿಗೂ ಮಂಗಳೂರಿನಿಂದ ಮಂಜಿಗಳು ಅಲ್ಲಿಗೆ ಸಾಮಾನು ಸಾಗಿಸುತ್ತವೆ. ಮಳೆಗಾಲದ ತಿಂಗಳುಗಳಲ್ಲಿ ಮಾತ್ರ ಅವು ದಡದಲ್ಲೇ ನಿಲ್ಲಬೇಕು.

ಈ ದ್ವೀಪಗಳ ನಡುವೆ ವಿದ್ಯುತ್ ತಂತಿಯಿಲ್ಲ. ಒಂದೊಂದು ದ್ವೀಪಕ್ಕೂ ತನ್ನದೇ ಪುಟ್ಟ ಜಾಲ, ತನ್ನದೇ ಡೀಸೆಲ್ ಜನರೇಟರು. ಡೀಸೆಲ್ ಬರುವುದು ಮುಖ್ಯ ಭೂಮಿಯಿಂದ ಹಡಗಿನಲ್ಲಿ. ಸರ್ಜಾಪುರದ ಅಪಾರ್ಟ್‌ಮೆಂಟು ಹತ್ತು ನಿಮಿಷ ನಡೆಸುವ ದುಬಾರಿ ಬದುಕನ್ನು ಅವರು ವರ್ಷವಿಡೀ ನಡೆಸಬೇಕು. ಅಂಥ ಕಡೆ ಬಿಸಿಲಿನ ವಿದ್ಯುತ್ ವರವೇ ಸರಿ. ಆದರೆ ಪುಟ್ಟ ಜಾಲದ ಮೇಲೆ ಒಂದು ಮೋಡ ಹಾದರೂ ಸಾಕು, ಇಡೀ ಊರಿನ ದೀಪ ನಡುಗುತ್ತದೆ. ದೊಡ್ಡ ಕೆರೆಗೆ ಕಲ್ಲು ಬಿದ್ದರೆ ಅಲೆ ದಡ ಮುಟ್ಟುವಷ್ಟರಲ್ಲಿ ಸಾಯುತ್ತದೆ, ಕೊಡಕ್ಕೆ ಬಿದ್ದರೆ ನೀರು ಹೊರಚೆಲ್ಲುತ್ತದೆ. ಹಾಗಾಗಿ ಅಲ್ಲಿ ಫಲಕದ ಜೊತೆಗೆ ಬ್ಯಾಟರಿಯೂ, ಕ್ಷಣಕ್ಷಣಕ್ಕೂ ಏರಿಳಿತ ಸರಿದೂಗಿಸುವ ಯಂತ್ರವೂ ಬೇಕು. ಬ್ಯಾಟರಿಯ ಆಸರೆಯಿರುವ ಲಕ್ಷದ್ವೀಪದ ಮೊದಲ ಸೌರ ಕೇಂದ್ರ ಕವರತ್ತಿಯಲ್ಲಿ ಲೋಕಾರ್ಪಣೆಯಾದದ್ದು 2024ರ ಜನವರಿಯಲ್ಲಿ.

ಇನ್ನೊಂದು ದಾರಿಯನ್ನು ಅಟ್ಲಾಂಟಿಕ್ ಸಾಗರದಲ್ಲಿರುವ ಸ್ಪೇನಿನ ಎಲ್ ಇಯೆರೊ ದ್ವೀಪ ತೋರಿಸಿದೆ. 2014ರಲ್ಲಿ ಅಲ್ಲಿ ಆರಂಭವಾದ ಕೇಂದ್ರದಲ್ಲಿ ಗಾಳಿ ಹೆಚ್ಚಾದಾಗ ಮಿಕ್ಕ ವಿದ್ಯುತ್ತಿನಿಂದ ನೀರನ್ನು ಬೆಟ್ಟದ ಮೇಲಿನ ಆರಿದ ಜ್ವಾಲಾಮುಖಿಯ ಬಾಯಿಗೆ ಎತ್ತುತ್ತಾರೆ. ಗಾಳಿ ನಿಂತಾಗ ಆ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ ಪಡೆಯುತ್ತಾರೆ. 2019ರ ಬೇಸಗೆಯಲ್ಲಿ ಆ ದ್ವೀಪ ಮೂರು ವಾರಕ್ಕೂ ಹೆಚ್ಚು ಕಾಲ ಡೀಸೆಲ್ ಮುಟ್ಟದೆ ಬದುಕಿತು. ಕಣ್ಣಂಬಾಡಿಯ ಹಳೆಯ ಉಪಾಯವೇ ಇದು, ಆದರೆ ಇಲ್ಲಿ ನೀರು ಮೇಲಕ್ಕೂ ಹೋಗುತ್ತದೆ.

ಮತ್ತೆ ಶರಾವತಿಯ ದಡಕ್ಕೆ

ಈಗ ಕರ್ನಾಟಕವೂ ಅದೇ ಉಪಾಯವನ್ನು ಬಹು ದೊಡ್ಡ ಪ್ರಮಾಣದಲ್ಲಿ ಮಾಡಹೊರಟಿದೆ. ಜಾಗ ಮತ್ತೆ ಶರಾವತಿ ಕಣಿವೆಯೇ. ಮೇಲಿನ ತಲಕಳಲೆ ಮತ್ತು ಕೆಳಗಿನ ಗೇರುಸೊಪ್ಪ ಜಲಾಶಯಗಳ ನಡುವೆ ಸುರಂಗ ಕೊರೆದು, ಹಗಲಿನ ಮಿಗುವ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ, ಸಂಜೆ ಕೆಳಗೆ ಬಿಡುವ 2,000 ಮೆಗಾವಾಟಿನ ಯೋಜನೆ ಅದು. ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸ ಮುಳುಗಡೆ ದೊಡ್ಡದಲ್ಲ ಎಂಬುದು ಪರವಾದ ವಾದ. ಸಿಂಗಳೀಕಗಳ ಅಭಯಾರಣ್ಯದ ನಡುವೆ ಸುರಂಗ, ರಸ್ತೆ, ತಂತಿಗಳಿಗಾಗಿ ಕಾಡು ಕಡಿಯಬೇಕು, ಭೂಕುಸಿತದ ಭಯವಿರುವ ಘಟ್ಟವನ್ನು ಅಗೆಯಬೇಕು ಎಂಬುದು ವಿರೋಧದ ವಾದ. 2025ರ ಸೆಪ್ಟೆಂಬರಿನಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಕಣಿವೆಯ ಜನ ದೊಡ್ಡ ದನಿಯಲ್ಲಿ ಮಾತನಾಡಿದರು. ಒಮ್ಮೆ ಕೊಟ್ಟವರು ಎರಡನೆಯ ಬಾರಿ ಕೇಳಿದಾಗ ಲೆಕ್ಕ ಕೇಳುವುದು ಸಹಜ.

ಈ ವಾದದಲ್ಲಿ ತಾಂತ್ರಿಕ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಎಂಜಿನಿಯರುಗಳು ರಾಜ್ಯದಲ್ಲಿದ್ದಾರೆ. ಬ್ಯಾಟರಿಯೋ ಬೆಟ್ಟದ ನೀರೋ, ಎಲ್ಲಿ ಎಷ್ಟು ಎಂಬುದನ್ನು ಲೆಕ್ಕ ಹಾಕಬಹುದು. ಚರಿತ್ರೆ ಕೇಳುವ ಪ್ರಶ್ನೆ ಬೇರೆ. ಬೆಳಕಿನ ಸೇತುವೆ ಕಟ್ಟಿದಾಗಲೆಲ್ಲ ಅದರ ಒಂದು ತುದಿಯಲ್ಲಿ ಚಿನ್ನದ ಗಣಿಯೋ ರಾಜಧಾನಿಯೋ ಐಟಿ ನಗರವೋ ಇತ್ತು. ಇನ್ನೊಂದು ತುದಿಯಲ್ಲಿ ಕಣ್ಣಂಬಾಡಿಯವರು, ತುಮರಿಯವರು, ಪಾವಗಡದ ಕುರಿಗಾಹಿಗಳು ಇದ್ದರು. ಮೊದಲನೆಯ ತುದಿಗೆ ಬೆಳಕು ಮುಟ್ಟಲು ತಡವಾಗಲಿಲ್ಲ. ಎರಡನೆಯ ತುದಿಗೆ ಅದರ ಋಣ ಸಂದಾಯವಾಗುವುದು ಮಾತ್ರ ಯಾವಾಗಲೂ ತಡ.

ಸರ್ಜಾಪುರದಲ್ಲಿ ಕರೆಂಟು ಮರಳಿ ಬಂದಾಗ ಜನರೇಟರುಗಳು ಒಂದೊಂದಾಗಿ ಸುಮ್ಮನಾಗುತ್ತವೆ. ದಿನಸಿ ಅಂಗಡಿಯವರು ಎಮರ್ಜೆನ್ಸಿ ದೀಪ ಆರಿಸುತ್ತಾರೆ. ಬಹುಮಹಡಿ ಕಟ್ಟಡವೂ ಅಂಗಡಿಯೂ ಮತ್ತೆ ಒಂದೇ ಜಾಲಕ್ಕೆ ಸೇರುತ್ತವೆ. ಆ ಸ್ವಿಚ್ಚಿನ ಹಿಂದೆ ಕಾವೇರಿಯ ಕವಲು, ಪಾವಗಡದ ಬಿಸಿಲು, ಹಿನ್ನೀರಿನಲ್ಲಿ ಮುಳುಗಿದ ಅಡಿಕೆ ತೋಟ ಎಲ್ಲವೂ ಇವೆ. ಇಷ್ಟು ಜನರ ಋಣ ಅದರಲ್ಲಿದೆ ಎಂದು ತಿಳಿದು ದೀಪ ಹಚ್ಚುವುದು, ಬೇಡವಾದಾಗ ಆರಿಸುವುದು, ಮುಂದಿನ ಸೇತುವೆಯ ಲೆಕ್ಕ ಹಾಕುವಾಗ ಎರಡೂ ತುದಿಯವರನ್ನು ಕೂರಿಸಿಕೊಳ್ಳುವುದು, ಬಳಸುವ ತುದಿಯಲ್ಲಿರುವವರು ಮಾಡಬಹುದಾದದ್ದು ಇಷ್ಟಾದರೂ ಇದೆ.